ಒಲೆ ಹಚ್ಚದ ಮನೆಯ ಅಡ್ರೆಸ್ಸು

ನಮ್ಮ ಅತ್ತೆ ಉಚ್ಚಮ್ಮನ ಮೇಲೆ ಆ ಆಷಾಢದಲ್ಲಿ ಬಂದಷ್ಟು ಸಿಟ್ಟು ನನಗೆ ಮದುವೆಯಾದ ಏಳು ವರ್ಷದಲ್ಲಿ ಎಂದೂ ಬಂದಿರಲಿಲ್ಲ.

ಆಂಧ್ರದ ಆದೋನಿಯಲ್ಲಿ ನಾವಿದ್ದ ಹಳೇ ಮನೆಯನ್ನು ಕೆಡವುತ್ತೇವೆಂದು ಮಾಲೀಕರು ಹಟ ಹಿಡಿದರು. ಗಂಟುಮೂಟೆ ಕಟ್ಟಿಕೊಂಡು ಊರಿನ ಇನ್ನೊಂದು ತುದಿಗೆ, ಹತ್ತಿ ವ್ಯಾಪಾರಿ ಕೊಟ್ರಬಸಪ್ಪನವರ ಬಾಡಿಗೆ ಮನೆಗೆ ಬಂದೆವು. ಎರಡೇ ಕೋಣೆ. ಬಾಗಿಲ ಮುಂದೆ ನನ್ನ ಗಂಡ ಆಂಜಿಯ ಶೇರ್ ಆಟೋ ನಿಲ್ಲುವಷ್ಟು ಜಾಗವಿತ್ತು ಎಂದು ಅವನಿಗೆ ಖುಷಿ. ನನ್ನ ಖುಷಿಯೇ ಬೇರೆ. ಆ ವಾರ್ಡಿನ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಹುದ್ದೆ ಖಾಲಿ ಇತ್ತು. ಅಲ್ಲೇ ವಾಸವಿರುವ ಹೆಂಗಸಿಗೆ ಮಾತ್ರ ಅದು ಸಿಗುತ್ತದೆ. ಡಿಗ್ರಿ ಓದಿ ಹತ್ತಿ ಜಿನ್ನಿಂಗ್ ಮಿಲ್ಲಿನ ದೂಳು ಕುಡಿಯುತ್ತಿದ್ದವಳಿಗೆ ಇಂಥ ಬಾಗಿಲು ಇನ್ನೊಮ್ಮೆ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮನೆ ಬದಲಾಯಿಸಲು ಆಟೋ ನಾಲ್ಕು ಸಲ ಓಡಾಡಿತು. ಕಾಗದದಲ್ಲಿ ಅಡ್ರೆಸ್ಸು ಬದಲಾಯಿಸಲು ನನ್ನ ಚಪ್ಪಲಿ ಸವೆಯಿತು. ಬಾಡಿಗೆ ಕರಾರಿಗೆ ಕೊಟ್ರಬಸಪ್ಪನವರ ಸಹಿ, ಆಮೇಲೆ ಆಧಾರ್, ಆಮೇಲೆ ಗ್ಯಾಸು, ಆಮೇಲೆ ರೇಷನ್ ಕಾರ್ಡನ್ನು ಹಳೇ ವಾರ್ಡಿನಿಂದ ಬಿಡಿಸಿ ಇಲ್ಲಿಗೆ ಸೇರಿಸುವುದು. ಎಲ್ಲಿ ಹೋದರೂ ಇನ್ನೊಂದು ಜೆರಾಕ್ಸು. ಕಡೆಗೆ ಉಳಿದದ್ದು ಒಂದೇ, ಅಂಗನವಾಡಿ ಅರ್ಜಿಗೆ ಬೇಕಾದ ವಾಸದ ಸರ್ಟಿಫಿಕೇಟು. ಅದಕ್ಕೆ ವಾರ್ಡ್ ಸಚಿವಾಲಯದವರು, ಅಂದರೆ ನಮ್ಮ ವಾರ್ಡಿನ ಸರ್ಕಾರಿ ಕಚೇರಿಯವರು, ಮನೆಗೆ ಬಂದು, ನಾವು ಇರುವುದು ನಿಜವೇ ಎಂದು ನೋಡಬೇಕು.

ಇಲ್ಲಿಯೇ ಅತ್ತೆಯ ಕತೆ ಅಡ್ಡ ಬಂತು. ಹೊಸ ಮನೆಗೆ ಸಾಮಾನು ಹೊರಲು ಆಕೆ ಒಪ್ಪಿದಳು, ಮಲಗಲೂ ಒಪ್ಪಿದಳು. ಶ್ರಾವಣ ಬರುವ ತನಕ ಹಾಲು ಉಕ್ಕಿಸಲು ಮಾತ್ರ ಒಪ್ಪಲಿಲ್ಲ. ಹಾಲು ಉಕ್ಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಾಗಾಗಿ ಅಡುಗೆಯೆಲ್ಲ ನಾದಿನಿಯ ಮನೆಯಲ್ಲಿ, ನಮಗೆ ಎರಡು ಹೊತ್ತೂ ಕ್ಯಾರಿಯರ್ ಊಟ. ಆಕೆಯ ಹಟಕ್ಕೆ ಕಾರಣವಿತ್ತು. ಮೂವತ್ತು ವರ್ಷದ ಹಿಂದೆ ಚಿಪ್ಪಗಿರಿಯಲ್ಲಿ ಆಷಾಢದಲ್ಲೇ ಹೊಸ ಮನೆ ಹೊಕ್ಕು ತಾನೇ ಒಲೆ ಹಚ್ಚಿದ್ದಳಂತೆ. ವರ್ಷ ತುಂಬುವುದರೊಳಗೆ, ಕುರಿ ಮೇಯಿಸಲು ಹೋದ ಮಾವನಿಗೆ ಹಾವು ಕಚ್ಚಿತು. ಆಂಜಿ ಆಗ ಕೈಗೂಸು.

ಸಚಿವಾಲಯದ ವಾಗೀಶ್ ಬಂದಾಗ ನಾನು ಜೆರಾಕ್ಸ್ ಅಂಗಡಿಯಲ್ಲಿದ್ದೆ, ಅತ್ತೆ ನಾದಿನಿಯ ಮನೆಯಲ್ಲಿದ್ದಳು. ಕಿಟಕಿಯಿಂದ ಇಣುಕಿ ನೋಡಿದ ಆತ ಪಕ್ಕದ ಮನೆಯ ಮಹಾಂತಮ್ಮನನ್ನು ಕೇಳಿದ್ದಾನೆ. ಆಕೆ "ಸಾಮಾನು ಇಟ್ಟಾರ್ರೀ ಅಷ್ಟ, ಸಂಸಾರ ಇನ್ನಾ ಬಂದಿಲ್ಲ" ಎಂದುಬಿಟ್ಟಿದ್ದಾಳೆ. ಆತ 'ವಾಸವಿಲ್ಲ' ಎಂದು ಬರೆದುಕೊಂಡು ಹೋದ.

ನಾನು ಮಹಾಂತಮ್ಮನ ಮೇಲೆ ಹರಿಹಾಯ್ದೆ. ಆಕೆ ಗಾಬರಿಯಾದಳು.

"ನಿಮ್ಮ ಒಳ್ಳೇದಕ್ಕ ಹೇಳಿದೆನವ್ವ! ಆಷಾಢದಾಗ ಸಂಸಾರ ಹೂಡ್ಯಾರ ಅಂತ ಹೇಳಿ ನಿಮ್ಮ ಮರ್ಯಾದಿ ತಗೀಬೇಕಿತ್ತೇನು?"

ಅಲ್ಲಿಂದಲೇ ಸಚಿವಾಲಯಕ್ಕೆ ಓಡಿದೆ. ವಾಗೀಶ್ ಕೆಟ್ಟವನಲ್ಲ.

"ನಾನೇನ್ ಮಾಡ್ಲಿ ಅಮ್ಮಾ? ಒಲಿ ಮ್ಯಾಲ ಬಟ್ಟಿ ಗಂಟು ಐತಿ. ಸರೇ, ನಾಳೆ ಹತ್ತಕ್ಕ ಇನ್ನೊಂದ್ಸಾರಿ ಬರ್ತೀನಿ. ಬಾಳೇವು ಮಾಡೋ ಮನಿ ಹಂಗ ಕಾಣ್ಬೇಕು, ಒಳಗ ನಿಂತು ಫೋಟೋ ಕೊಡ್ಬೇಕು" ಎಂದ. ಅರ್ಜಿ ಕೊಡಲು ಕಡೆಯ ದಿನವೂ ನಾಳೆಯೇ, ಸಂಜೆ ಐದರ ಒಳಗೆ.

"ಅಮಾಸಿಗೆ ಇನ್ನಾ ಒಂಬತ್ತು ದಿನ ಐತಿ ಅತ್ತಿ, ನನ್ನ ಅರ್ಜಿಗೆ ಒಂದ ದಿನ" ಎಂದೆ ಮನೆಗೆ ಬಂದು. ಆಕೆ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. "ನಿಮ್ಮ ಹೆದರಿಕಿಗೆ ನಾ ಯಾಕ ಸಾಯಬೇಕು?" ಎಂದುಬಿಟ್ಟೆ. ಆಕೆ ಎಲೆಯನ್ನು ಹಾಗೇ ತಟ್ಟೆಯಲ್ಲಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಸಿಟ್ಟು ಹೋಗಲಿಲ್ಲ.

ಬೆಳಿಗ್ಗೆ ನೋಡಿದರೆ ಅತ್ತೆ ತಲೆಗೆ ಸ್ನಾನ ಮಾಡಿ, ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದಳು.

"ಇಬ್ರೂ ಹೊರಗ ನಡೀರಿ. ನಾ ಹೇಳೋ ತನಕ ಹೊಸ್ತಿಲ ದಾಟಬ್ಯಾಡ್ರಿ."

ನನ್ನನ್ನೂ ಆಂಜಿಯನ್ನೂ ಹೊರಗಟ್ಟಿ ಆಕೆಯೊಬ್ಬಳೇ ಒಳಗೆ ಹೋದಳು. ಬಟ್ಟೆ ಗಂಟು ಇಳಿಸಿದ್ದು, ಪಾತ್ರೆ ಇಟ್ಟದ್ದು, ಲೈಟರು ಎರಡು ಸಲ ಟಕ್ಕೆಂದದ್ದು ಎಲ್ಲ ಬಾಗಿಲಲ್ಲಿ ನಿಂತೇ ನೋಡಿದೆವು. ಅಷ್ಟರಲ್ಲಿ ವಾಗೀಶ್ ಬಂದ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಅತ್ತೆ ಒಂದು ಲೋಟಕ್ಕೆ ಬಗ್ಗಿಸಿಕೊಂಡು ನಮ್ಮ ಕಡೆ ತಿರುಗಿದಳು.

"ಒಲಿ ನಾ ಹಚ್ಚೀನಿ. ಮೊದಲು ಹಾಲೂ ನಾನ ಕುಡೀತೀನಿ. ಏನಾರ ಬರೋದಿದ್ರ ನನ್ನ ಮ್ಯಾಲ ಬರ್ಲಿ. ಆಮ್ಯಾಲ ನೀವು ಬರ್ರಿ."

ನಮ್ಮನ್ನು ಹೊರಗೆ ನಿಲ್ಲಿಸಿದ್ದು ಯಾಕೆಂದು ಆಗ ತಿಳಿಯಿತು. ಹಿಂದಿನ ದಿನ ನಾನು ಆಡಿದ ಮಾತಿಗೆ ನನಗೇ ನಾಚಿಕೆಯಾಯಿತು. ಆಕೆ ಲೋಟ ಎತ್ತುವುದರೊಳಗೆ ಹೊಸ್ತಿಲು ದಾಟಿ ಹೋಗಿ ಅದನ್ನು ಕಿತ್ತುಕೊಂಡೆ. ಬಾಯಿ ಸುಟ್ಟರೂ ಅರ್ಧ ಕುಡಿದು ಉಳಿದದ್ದನ್ನು ಆಕೆಯ ಕೈಗಿಟ್ಟೆ.

"ಬಂದ್ರ ಇಬ್ಬರಿಗೂ ಬರ್ಲಿ ಬಿಡ್ರಿ" ಎಂದೆ.

"ಹುಚ್ಚಿ!" ಎಂದು ಆಕೆ ನನ್ನ ತಲೆಗೆ ಮೊಟಕಿದಳು. ಆ ಹೊತ್ತಿಗೇ ವಾಗೀಶ್ ಫೋಟೋ ಹೊಡೆದುಕೊಂಡ. ಆಂಜಿ ಒಳಗೆ ಬಂದ ಮೇಲೆ ಇನ್ನೊಂದು ತೆಗೆದ.

ಮೂರೂವರೆಗೆ ಸರ್ಟಿಫಿಕೇಟು ಕೈಗೆ ಬಂತು, ನಾಲ್ಕೂಕಾಲಿಗೆ ಅರ್ಜಿ ಕೊಟ್ಟು ರಸೀದಿ ಪಡೆದೆ. ಆಯ್ಕೆ ಪಟ್ಟಿ ಬರಲು ಇನ್ನೂ ತಿಂಗಳು ಬೇಕು. ಆದರೂ ಆ ಕೆಲಸ ನನ್ನದೇ ಎಂದು ಮನಸ್ಸು ಹೇಳುತ್ತಿತ್ತು. ವಾಪಸು ಬರುವಾಗ ಅತ್ತೆ ಆಟೋದಲ್ಲಿ ನನ್ನ ಪಕ್ಕ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅತ್ತಿ," ಎಂದೆ, "ಮಾವ ಹೋಗಿದ್ದು ಹಾವು ಕಚ್ಚಿ. ನಿಮ್ಮ ಒಲಿಯಿಂದ ಅಲ್ಲ."

ಆಕೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಮೂವತ್ತು ವರ್ಷದಾಗ ಯಾರೂ ಹಂಗ ಅಂದಿದ್ದಿಲ್ಲವ್ವ ನನಗ" ಎಂದಳು.