ಹೇಳಿಕೊಟ್ಟ ಸಾಲು

"ತ್ಯಾಗದ ದೀಪಾ..." ಎಂದು ಧನಶ್ರೀ ಮೇಡಂ ಮೈಕಿಗೆ ಕೇಳಿಸದಂತೆ ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿಕೊಟ್ಟರು. "ತ್ಯಾಗದ ದೀಪಾ ಬೆಳಗಲೆವ್ವ ಜಗದಾಗ... ಅಲ್ಲಿಂದ ಹಿಡೀರಿ, ಅಜ್ಜಾರ."

ಖಾದರಬಾಷಾ ಹಾಡು ನಿಲ್ಲಿಸಿದರು. ಎಡಗಿವಿಗೆ ಹಚ್ಚಿದ್ದ ಕೈ ಅಲ್ಲಿಯೇ ಉಳಿಯಿತು. ಅವರ ಬೆನ್ನ ಹಿಂದಿನ ಪರದೆಯ ಮೇಲೆ, ಅವರದೇ ಪದವೆಂದು ಅಚ್ಚಾದ ಸಾಲುಗಳು ದೊಡ್ಡ ಅಕ್ಷರಗಳಲ್ಲಿ ಮೂಡಿದ್ದವು. ಅವರು ಅತ್ತ ತಿರುಗಿ ನೋಡಿರಲಿಲ್ಲ. ನೋಡುವ ಅಗತ್ಯವಿದೆಯೆಂದು ಅವರಿಗೆ ಹೊಳೆದಿರಲೂ ಇಲ್ಲ. ಸಭಾಂಗಣದಲ್ಲಿ ಕುಳಿತವರು ಮಾತ್ರ ಎರಡನ್ನೂ ಕಂಡಿದ್ದರು: ಪರದೆಯ ಮೇಲೆ ಒಂದು ನುಡಿ, ಮುದುಕನ ಬಾಯಲ್ಲಿ ಇನ್ನೊಂದು.

"ಬಫರಿಂಗ್ ಆಗಾಕತ್ತೈತಿ," ಎಂದು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ ಸೌರಭ ಪಿಸುಗುಟ್ಟಿದ. ಹಿಂದಿನ ಸಾಲಿನವರು ನಕ್ಕರು.

ಮೂರನೆಯ ಸಾಲಿನಲ್ಲಿದ್ದ ಉಜ್ಮಾ ನಗಲಿಲ್ಲ, ತಲೆಯೆತ್ತಲೂ ಇಲ್ಲ. ಪಕ್ಕದಲ್ಲಿದ್ದ ಸಾನ್ವಿ ಅವಳ ಮೊಣಕೈ ಹಿಡಿದು, "ಪಾಪ, ನಿಮ್ಮ ನಾನಾಗ ವಯಸ್ಸಾಗೈತಿ. ಮರೀತಾರ, ಅದಕ್ಕ್ಯಾಕ ಅಳತೀ?" ಎಂದಳು. ತಾನು ಅಳುತ್ತಿರುವುದು ಉಜ್ಮಾಳಿಗೆ ಆಗ ತಿಳಿಯಿತು.

ಖಾದರಬಾಷಾ ಅವಳ ತಾಯಿಯ ತಂದೆ. ಗಬ್ಬೂರಿನ ಬೈಪಾಸಿನ ಬದಿಯಲ್ಲಿ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟಿ ಬದುಕಿದವರು. ಮೊಹರಂ ಬಂತೆಂದರೆ ಮಾತ್ರ ಅವರು ಬೇರೆಯೇ ಮನುಷ್ಯ. ಕರ್ಬಲದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳು ಅವರ ಎದೆಯಲ್ಲಿದ್ದವು. ಕಾಗದ ಮುಟ್ಟದೆ ಬೆಳಗಿನವರೆಗೂ ಹಾಡುವ ಅವರನ್ನು ಸುತ್ತಿನ ಮೇಳಗಳವರು 'ಮರೆಯದ ಬಾಷಾ' ಎಂದೇ ಕರೆಯುತ್ತಿದ್ದರು. ಹಾಡಿನ ಬಗ್ಗೆ ಎಲ್ಲಿ ಜಗಳ ಬಂದರೂ ಕಡೆಯ ಮಾತು ಅವರದು. ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದು ಅದೊಂದನ್ನೇ.

ಮನೆಯ ಹಿರಿಯರಿಂದ ಒಂದು ಪದವನ್ನು ಬರೆದು ತರುವ ಕೆಲಸವನ್ನು ಧನಶ್ರೀ ಮೇಡಂ ಬಿ.ಎ. ತರಗತಿಗೆ ಒಪ್ಪಿಸಿದಾಗ ಉಜ್ಮಾ ಗಬ್ಬೂರಿಗೆ ಹೋಗಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದಳು. ಕರ್ಬಲದಲ್ಲಿ ನೀರಿಲ್ಲದೆ ಬಾಯಾರಿದ ಪುಟ್ಟ ಹುಡುಗಿ ಸಕೀನಾಳ ಪದ ಅದು. ಅರ್ಧಕ್ಕೆ ಅಜ್ಜನಿಗೆ ಕೆಮ್ಮು ಹತ್ತಿತು. "ಉಳಿದದ್ದು ನಾಳೆ ಹಾಡತೇನಿ, ಬಾರವ್ವಾ," ಎಂದಿದ್ದರು. ಮರುದಿನ ತನ್ನ ಮನೆಯಿದ್ದ ಬೈರಿದೇವರಕೊಪ್ಪದಿಂದ ಗಬ್ಬೂರಿನವರೆಗೆ ಎರಡು ಬಸ್ಸು ಹತ್ತಿಳಿಯಲು ಅವಳಿಗೆ ಬೇಸರವಾಯಿತು. ಮುಂದಿನ ದಿನ ಗೆಳತಿಯ ಹುಟ್ಟುಹಬ್ಬವಿತ್ತು. ಒಪ್ಪಿಸಬೇಕಾದ ದಿನ ಹತ್ತಿರವಾದಾಗ ಹಾಡಿದಷ್ಟನ್ನು ಫೋನಿನ ಎಐಗೆ ಕೊಟ್ಟು, 'ಇದೇ ಧಾಟಿಯಲ್ಲಿ, ಹುಬ್ಬಳ್ಳಿ ಕಡೆಯ ಭಾಷೆಯಲ್ಲಿ ಪೂರ್ತಿ ಮಾಡು' ಎಂದಳು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಮಾಡಿತು. ಓದಿದರೆ ಎಲ್ಲಿಯೂ ಎಡವಲಿಲ್ಲ. ಎಡವದಿದ್ದುದೇ ಅವಳಿಗೆ ಸಮಾಧಾನ ಕೊಟ್ಟಿತ್ತು.

ಎಐ ಮುಟ್ಟಬೇಡಿರೆಂದು ಮೇಡಂ ಹೇಳಿದವರಲ್ಲ. "ಕಾಗುಣಿತ ತಿದ್ಲಿಕ್ಕೆ ಬಳಸ್ರಿ, ಅರ್ಥ ತಿಳೀಲಿಲ್ಲಂದ್ರ ಕೇಳ್ರಿ. ಆದ್ರ ಎಲ್ಲೆಲ್ಲಿ ಬಳಸೀರಿ ಅಂತ ಕಡೀಗೆ ಖರೇ ಖರೇ ಬರೀರಿ. ಹಾಡಿದವರ ಬಾಯಾಗ ಇಲ್ಲದ್ದನ್ನ ಅವರ ಬಾಯಾಗ ಇಡಬ್ಯಾಡ್ರಿ," ಎಂದಿದ್ದರು. ಉಜ್ಮಾ ಕಡೆಗೆ, 'ಕಾಗುಣಿತ ತಿದ್ದಲು ಮಾತ್ರ ಎಐ ಬಳಸಲಾಗಿದೆ' ಎಂದು ಬರೆದಳು. ಮೇಡಂಗೆ ಆ ಪದ ಎಷ್ಟು ಹಿಡಿಸಿತೆಂದರೆ, ವಿಭಾಗದ ಪುಸ್ತಕದಲ್ಲಿ ಅದನ್ನೇ ಮೊದಲು ಅಚ್ಚು ಹಾಕಿಸಿದರು. ಜಾನಪದ ದಿನಕ್ಕೆ ಹಾಡಿದವರನ್ನೇ ಕರೆಸಿದರು. "ಎರಡು ನುಡಿ ಸಾಕು, ನಾನಾ, ಹೆಚ್ಚಿಗಿ ಬ್ಯಾಡ," ಎಂದು ಉಜ್ಮಾ ಆ ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲೇ ಬೇಡಿಕೊಂಡಿದ್ದಳು. ಇಸ್ತ್ರಿ ಮಾಡಿದ ಅಂಗಿಯ ತೋಳು ಸರಿಪಡಿಸಿಕೊಳ್ಳುತ್ತ ಅವರು, "ಸಕೀನಾನ್ನ ನಡುವ ನೀರಡಿಸಿ ಬಿಟ್ಟು ಬರಾಕ ಆಕ್ಕೈತೇನು?" ಎಂದು ನಕ್ಕಿದ್ದರು.

ಈಗ ವೇದಿಕೆಯ ಮೇಲೆ ಅವರು ಹಾಡಿದ್ದು ನಿಜವಾದ ನುಡಿಯನ್ನೇ:

'ಖಾಲಿ ಬಟ್ಟಲ ಹಿಡಿದು ಸಕೀನಾ ನಿಂತಾಳ
ಯಾರನ್ನೂ ಬೇಡವಲ್ಲಳೋ.'

ಅದರ ಬೆನ್ನಿಗೇ ಮೇಡಂ ಸಾಲು ಹೇಳಿಕೊಟ್ಟಿದ್ದರು. ಪಕ್ಕದಲ್ಲಿ ತಾಳ ಹಿಡಿದು ನಿಂತಿದ್ದ ಕುಬೇರಪ್ಪನವರಿಗೆ ಅದು ಕೇಳಿಸಿತು. ಖಾದರಬಾಷಾರ ಮೇಳದಲ್ಲಿ ಹಿಮ್ಮೇಳ ಹಿಡಿದು ಹಲ್ಲುದುರಿಸಿಕೊಂಡ ಮನುಷ್ಯ. ಮೈಕಿನ ಮರ್ಯಾದೆ ಅವರಿಗೆ ಗೊತ್ತಿರಲಿಲ್ಲ.

"ಇದ್ಯಾವ ನುಡಿರೀ, ಮೇಡಂ? ನಮ್ಮ ಮೇಳದಾಗ ಇದು ಇಲ್ಲೇ ಇಲ್ಲ."

ಮೇಡಂ ಮುಗುಳ್ನಕ್ಕು ತೆರೆದ ಪುಸ್ತಕವನ್ನು ಅವರತ್ತ ತಿರುಗಿಸಿದರು. "ಅಜ್ಜಾರು ತಾವ ಹೇಳಿ ಬರೆಸ್ಯಾರ್ರೀ. ಮೊಮ್ಮಗಳು ಬರಕೊಂಡಾಳ."

ಖಾದರಬಾಷಾ ತಿರುಗಿ ಸಭೆಯನ್ನು ನೋಡಿದರು. ಅಷ್ಟು ತಲೆಗಳ ನಡುವೆ ಅವರಿಗೆ ಬೇಕಾದ ತಲೆ ಸಿಕ್ಕಿತು, ಅದೊಂದೇ ಬಗ್ಗಿತ್ತು. ಅವರು ಬಹಳ ಹೊತ್ತು ನೋಡಲಿಲ್ಲ. ಕಿವಿಯಿಂದ ಕೈ ತೆಗೆದು, ಮೈಕಿನ ಹತ್ತಿರ ಸರಿದು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಹೌದ್ರಿ. ನಾನ ಬರೆಸೇನಿ. ವಯಸ್ಸಾತು... ಮರ್ತೆ."

"ಏ ಬಾಷಾ! ನೀ ಯಾವತ್ತ ಮರ್ತಿಯೋ?"

"ಸುಮ್ನಿರೋ, ಕುಬೇರ್‍ಯಾ. ತಾಳಾ ಹಾಕು."

ಮೇಡಂ ಮತ್ತೊಮ್ಮೆ ಸಾಲು ಹೇಳಿಕೊಟ್ಟರು. ಖಾದರಬಾಷಾ ಹಾಡಿದರು. ಪದಗಳು ಅವರ ಧಾಟಿಗೆ ಕೂಡಲಿಲ್ಲ. ಒಂದನ್ನು ಎಳೆದು, ಇನ್ನೊಂದನ್ನು ನುಂಗಿ, ಅಳತೆ ತಪ್ಪಿದ ಹಲಗೆಯನ್ನು ಚೌಕಟ್ಟಿಗೆ ಬಡಿದು ಕೂಡಿಸುವ ಬಡಗಿಯಂತೆ ಕೂಡಿಸಿದರು. 'ಶಾಂತಿಯ ಮಾತಾ ಸಾರಲೋ' ಎಂಬಲ್ಲಿ ಹಿಮ್ಮೇಳ ಎತ್ತಿಕೊಳ್ಳಬೇಕಿತ್ತು. ಕುಬೇರಪ್ಪ ಎತ್ತಿಕೊಳ್ಳಲಿಲ್ಲ. ತಾಳದ ಎರಡೂ ಬಟ್ಟಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ನೆಲ ನೋಡುತ್ತ ನಿಂತರು. ಖಾದರಬಾಷಾ ತಾವೇ ಮುಮ್ಮೇಳವಾಗಿ, ತಾವೇ ಹಿಮ್ಮೇಳವಾಗಿ ಪದ ಮುಗಿಸಿದರು. ಹುಡುಗರು ಕರುಣೆಯಿಂದ ಜೋರಾಗಿಯೇ ಚಪ್ಪಾಳೆ ತಟ್ಟಿದರು.

ಶಾಲು ಹೊದಿಸಿ ಮೇಡಂ ಹೇಳಿದರು: "ಇವತ್ತಿನ ವಿಡಿಯೋ ವಿಭಾಗದ ಸಂಗ್ರಹದಾಗ ಇರ್ತದ, ಯಾರ ಬೇಕಾದ್ರೂ ನೋಡಿ ಕಲೀಬಹುದು. ಇನ್ನ ಅಜ್ಜಾರು ಮರತ್ರೂ ಪದ ಮರೆಯಾಗೂದಿಲ್ಲ."

ಉಜ್ಮಾ ಹೊರಗೆ ಬಂದಾಗ ಇಬ್ಬರು ಮುದುಕರೂ ಕ್ಯಾಂಟೀನಿನ ಎದುರಿನ ಬೇವಿನ ಮರದ ಕೆಳಗಿದ್ದರು. ಅಜ್ಜ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಕುಬೇರಪ್ಪ ಮುಖ ತಿರುಗಿಸಿ ನಿಂತು ಎಲೆಯಡಿಕೆ ಅಗಿಯುತ್ತಿದ್ದರು. ಅವಳು ಎದುರು ಹೋಗಿ ನಿಂತಳು.

"ಯಾರು ಕಟ್ಟಿದ್ರವ್ವಾ ಅದನ್ನ?" ಎಂದು ಅಜ್ಜ ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

"ಮೊಬೈಲ್ ಕಟ್ಟಿದ್ದು, ನಾನಾ. ನಾ ಮರುದಿನಾ ಬರಲಿಲ್ಲಲ್ಲಾ... ಅದಕ್ಕ ಕೇಳಿದೆ."

"ಮೊಬೈಲು," ಎಂದರು ಅವರು. ಹೆಗಲ ಮೇಲಿನ ಶಾಲಿನ ಅಂಚು ಹಿಡಿದುಕೊಂಡು, "ನಾ ಹಾದಿ ನೋಡಿದ್ನೆವ್ವಾ," ಎಂದರು.

"ನೀವು ಯಾಕ ಮರ್ತೆ ಅಂದ್ರಿ? ನಂದು ತಪ್ಪಂತ ಹೇಳಬೇಕಿತ್ತಲ್ಲ..."

"ಅಷ್ಟು ಮಂದ್ಯಾಗ ಏನಂತ ಹೇಳ್ಲಿ? ನನ್ನ ಮೊಮ್ಮಗಳು ಸುಳ್ಳು ಬರದಾಳಂತನ?"

ಕುಬೇರಪ್ಪ ಎಲೆಯಡಿಕೆ ಉಗಿದು ತಿರುಗಿದರು. "ನೀ ದೊಡ್ಡ ಮನಸ್ಸ ಮಾಡಿದೆಪಾ! ಬರೂ ಮೊಹರಂದಾಗ ಹುಡುಗೂರು ಅದನ್ನ ಹಾಡತಾರ. ಯಾಕಂದ್ರ, ಖಾದರಬಾಷಾನ ಬಾಯಿಲೇ ಕೇಳೇವಿ, ವಿಡಿಯೋ ಐತಿ ಅಂತಾರ. ಅವಾಗ ಯಾರಿಗೆ ಹೇಳತೀ? ಮರೆಯದ ಬಾಷಾ ಮರ್ತಾನಂತ ಇವತ್ತ ಸಂಜೀಕ ಗಬ್ಬೂರ ತುಂಬ ಆಕ್ಕೈತಿ."

"ಆಗ್ಲಿ ಬಿಡು," ಎಂದರು ಖಾದರಬಾಷಾ. ಆದರೆ ಶಾಲಿನ ಅಂಚನ್ನು ಹಿಡಿದಿದ್ದ ಅವರ ಬೆರಳುಗಳು ಆ ಮಾತನ್ನು ಒಪ್ಪಿದಂತೆ ಕಾಣಲಿಲ್ಲ.

ಉಜ್ಮಾ ಓಡಲಿಲ್ಲ, ಓಡಿದ್ದರೆ ನಡುವೆ ನಿಂತುಬಿಡುತ್ತಿದ್ದಳೇನೋ. ಮೆಟ್ಟಿಲು ಹತ್ತಿ ಸಭಾಂಗಣಕ್ಕೆ ಹೋದಳು. ಸೌರಭ ವಿಡಿಯೋವನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳುತ್ತಿದ್ದ. ಮೇಡಂ ಉಳಿದ ಪ್ರತಿಗಳನ್ನು ಕಟ್ಟುತ್ತಿದ್ದರು.

"ಮೇಡಂ, ನಮ್ಮ ನಾನಾ ಮರ್ತಿಲ್ರಿ," ಎಂದಳು. "ಕಡೀ ನಾಕು ನುಡಿ ಅವರವಲ್ರಿ. ಎಐ ಕಡೆ ಬರೆಸಿ ಅವರ ಹೆಸರ ಹಾಕೇನ್ರಿ. ಕಾಗುಣಿತಕ್ಕಷ್ಟ ಬಳಸೇನಿ ಅಂತ ಬರದದ್ದೂ ಸುಳ್ಳ್ರಿ."

ಸೌರಭನ ಕೈ ಕೀಲಿಗಳ ಮೇಲೆಯೇ ನಿಂತಿತು. ಮೇಡಂ ಪುಸ್ತಕ ತೆರೆದು ಆ ಪುಟವನ್ನು ನಿಂತಲ್ಲೇ ಓದಿದರು. ಅದೇ ಪುಟವನ್ನು ಅವರು ಮುನ್ನುಡಿಯಲ್ಲಿ ಹೊಗಳಿದ್ದರು. ಬೈಗುಳ ಬರಲಿಲ್ಲ, ಬಂದಿದ್ದರೆ ಉಜ್ಮಾಳಿಗೆ ಹಗುರವಾಗುತ್ತಿತ್ತು.

"ನಾನು ಅವರಿಗೆ ಹೇಳಿಕೊಟ್ಟೆ," ಎಂದರು ಮೇಡಂ. "ಅವರ ಪದಾನ, ಅವರಿಗೆ. ಎರಡು ಸರ್ತಿ."

ಪುಸ್ತಕ ಮುಚ್ಚಿ, "ಸೌರಭ, ಆ ವಿಡಿಯೋ ಎಲ್ಲೂ ಹಾಕಬ್ಯಾಡ," ಎಂದರು. ಆಮೇಲೆ ಉಜ್ಮಾಳ ಕಡೆ ತಿರುಗಿ, "ಈಗ ನಮಗಿಬ್ಬರಿಗೆ ಹೇಳಿದ್ದು ಸಾಲೂದಿಲ್ಲ. ಅವರು ಎಲ್ಲಾರ ಮುಂದ ಮರ್ತೆ ಅಂದಾರ. ನೀನೂ ಎಲ್ಲಾರ ಮುಂದನ ಹೇಳಬೇಕು. ಗಬ್ಬೂರಿನ್ಯಾಗೂ."

"ಹೇಳತೇನ್ರಿ."

"ನಾನೂ ಬರ್ತೀನಿ. ಮೊದಲ ಅವರು ಎಲ್ಲಿದ್ದಾರ ತೋರಿಸು."

ಇಬ್ಬರೂ ಬೇವಿನ ಮರದ ಕಡೆ ಬರುವುದನ್ನು ಕಂಡು ಖಾದರಬಾಷಾ ಎದ್ದು ನಿಂತರು. ಕಲಿಸುವವರು ಬಂದಾಗ ಕುಳಿತಿರಬಾರದೆಂಬುದು ಅವರ ಹಳೆಯ ಅಭ್ಯಾಸ. ಏಳುವ ಅವಸರದಲ್ಲಿ ಶಾಲು ಹೆಗಲಿಂದ ಜಾರಿ ಬೆಂಚಿನ ಮೇಲೆ ಬಿತ್ತು.

"ಕೂಡ್ರಿ, ಅಜ್ಜಾರ," ಎಂದರು ಮೇಡಂ. ಅವರ ಧ್ವನಿ ತರಗತಿಯ ಧ್ವನಿಯಾಗಿರಲಿಲ್ಲ.

"ನೀವು ಕೂಡ್ರಿ, ಮೇಡಂ."

"ಇಲ್ಲರೀ, ನೀವ ಕೂಡಬೇಕು."

ಕುಬೇರಪ್ಪ ಒಬ್ಬರ ಮುಖವನ್ನೂ ಇನ್ನೊಬ್ಬರ ಮುಖವನ್ನೂ ನೋಡಿ, ಶಾಲನ್ನು ಮಡಚಿ ಬೆಂಚಿನ ಒಂದು ತುದಿಗೆ ಸರಿಸಿ ಜಾಗ ಮಾಡಿದರು. ಆ ಜಾಗದಲ್ಲಿ ಯಾರೂ ಕೂಡಲಿಲ್ಲ.