ಕೊರಳಿನ ಬೆಳ್ಳಿ ಕೊಳವೆ

ಕೋಳಿಯ ಗರಿ ಒಂದು ತುದಿಯಲ್ಲಿ ಒಳಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬಂತು, ಸೋಡಾ ಹಾಕಿದ ಬಿಸಿನೀರಿನಲ್ಲಿ ಬೆಳ್ಳಿಯ ಒಳಕೊಳವೆ, ಕಿರುಬೆರಳಿಗಿಂತ ಸಣ್ಣದು, ಬಿಲ್ಲಿನ ಹಾಗೆ ಬಾಗಿದೆ, ಶಿವಗಂಗಮ್ಮ ಅದನ್ನು ಕಿಟಕಿಗೆ ಹಿಡಿದು ನೋಡಿದಳು, ಆಚೆ ಕಡೆ ಕಾಣಲಿಲ್ಲ, ಉಸಿರು ಮಾತ್ರ ಹೇಗೆ ದಾರಿ ಹುಡುಕಿಕೊಳ್ಳುತ್ತದೋ, ಮಂಚದ ಮೇಲೆ ಅತ್ತೆ ಮಹಾದೇವಮ್ಮ ಕಣ್ಣುಬಿಟ್ಟೇ ಇದ್ದಾಳೆ, ಕೊರಳಲ್ಲಿ ಉಳಿದ ಹೊರಕೊಳವೆಯ ತೂತು ಸುಯ್ ಎನ್ನುತ್ತಿದೆ, ಕೋಳಿಗರಿ ಅಂತ ಗೊತ್ತಾಗಿ ದನಿಯೂ ಇದ್ದಿದ್ದರೆ ಆಸ್ಪತ್ರೆಯ ಹೆಂಚು ಹಾರಿಸುತ್ತಿದ್ದಳು, ಜವಾನ ಓಬಯ್ಯ ಮನೆಯಿಂದ ತಂದುಕೊಟ್ಟದ್ದು, ತೊಳೆದೈತೆ ತಗಳವ್ವ, ನಾನೇನು ಸಾರು ಮಾಡು ಅಂತ ಕೊಟ್ನಾ — ನಗು ಬಂದಿತ್ತು, ನಗಲಿಲ್ಲ.

ಮೂರು ದಿನದ ಹಿಂದೆ ಎತ್ತಿನ ಗಾಡಿಯಲ್ಲಿ ಹಿರಿಯೂರಿಗೆ ಬರುವಾಗ ಅತ್ತೆಯ ಗಂಟಲ ಬಾವು ಕೊಬ್ಬರಿ ಗಿಟುಕಿನಷ್ಟು, ಎಂಜಲೂ ಇಳಿಯದು, ದಾರಿಯುದ್ದಕ್ಕೂ ಶಿವಗಂಗಮ್ಮ ನೋಡಿದ್ದು ಒಂದೇ, ಮುಂದೆ ಬಾಗಿ ಮೊಣಕಾಲಿಗೆ ಕೈಯೂರಿದರೆ ಅತ್ತೆ ಉಸಿರಾಡುತ್ತಾಳೆ, ಒರಗಿದರೆ ತುಟಿ ನೇರಳೆ, ಇಲ್ಲಿ ಮಾತ್ರ ಮೇಜಿನ ಮೇಲೆ ಅಂಗಾತ ಮಲಗಿಸಿದರು, ಡಾಕ್ಟರು ಚಮಚದಿಂದ ನಾಲಗೆ ಒತ್ತಿ ಒಳಗೇನೂ ಕಾಣಲ್ಲ ಅಂದರು, ತುಟಿ ನೇರಳೆ, ಮಲಗಿಸಬ್ಯಾಡ್ರಿ — ಯಾರ ದನಿ ಅದು, ಎಲ್ಲರೂ ತಿರುಗಿದರು, ತನ್ನದೇ, ಮೂರನೇ ಕ್ಲಾಸಿನಲ್ಲಿ ಇನ್‌ಸ್ಪೆಕ್ಟರ ಮುಂದೆ ಪದ್ಯ ಬಾಯಿಗೆ ಬಾರದೆ ಶಾಲೆಯನ್ನೇ ಬಿಟ್ಟವಳದು, ಬಾಯಾಗೇನು ಬೆಲ್ಲ ಇಟ್ಕಂಡಿದೀಯೇನೇ ಅಂತ ಅತ್ತೆಯಿಂದ ದಿನಾ ಅನ್ನಿಸಿಕೊಳ್ಳುತ್ತಿದ್ದವಳದು, ಕುಂತ್ರೆ ಉಸಿರು ಬರ್ತೈತೆ ಅಂದಳು. ಕೂರಿಸಿದರು, ಹಿಂದಿನಿಂದ ತಲೆ ಹಿಡಿ ಅಂದರು, ಕೊರಳಿನ ದಾರ ತೆಗೀರಿ, ಅಲ್ಲೇ ಕೊಯ್ಯಬೇಕು, ಅದು ಲಿಂಗದ ಕರಡಿಗೆ ತೂಗುವ ದಾರ, ಮಾವ ರೇವಣಸಿದ್ದಪ್ಪ ಅಡ್ಡ ನಿಂತರು, ಲಿಂಗ ಮೈಯಿಂದ ಬ್ಯಾರೆ ಮಾಡಿದ್ರೆ ಇದ್ದೂ ಸತ್ತಂಗೆ ಸ್ವಾಮಿ, ಮಾಡದಿದ್ರೆ ಸತ್ತೇ ಹೋಗ್ತಾರೆ ಯಜಮಾನ್ರೇ, ಇಬ್ಬರ ಮಾತಿನ ನಡುವೆ ಅತ್ತೆಯ ಉಸಿರು ಒಂದು, ಆಮೇಲೆ ಬಹಳ ಹೊತ್ತು ಇಲ್ಲ, ಪೂಜೆಯ ಹೊತ್ತಿಗೆ ಲಿಂಗ ಎಲ್ಲಿರುತ್ತದೆ, ಅಂಗೈಯಲ್ಲಲ್ಲವೇ, ಶಿವಗಂಗಮ್ಮನ ಬೆರಳುಗಳು ಆಗಲೇ ಗಂಟು ಬಿಚ್ಚಿದ್ದವು, ಕರಡಿಗೆಯನ್ನು ಅತ್ತೆಯ ಎಡಗೈಯಲ್ಲಿಟ್ಟು ಮುಷ್ಟಿ ಮಡಿಸಿ ಅದೇ ದಾರದಿಂದ ಸುತ್ತಿ ಕಟ್ಟಿದಳು, ಮಾವ ಪಕ್ಕಕ್ಕೆ ಸರಿದರು, ಕತ್ತಿ, ರಕ್ತ, ಒಂದು ತೂತು, ಅದರೊಳಕ್ಕೆ ಗಾಳಿ ನುಗ್ಗಿದ ಸದ್ದು, ಕಮ್ಮಾರನ ತಿದಿಯ ಹಾಗೆ.

ಬಾವು ಇವತ್ತು ಇಳಿದಿದೆ, ಡಾಕ್ಟರು ಪಕ್ಕಕ್ಕೆ ಬಂದು ನಿಂತಿದ್ದಾರೆ, ಕೊಳವೆ ಒಳಗೆ ಹಾಕು ತಾಯಿ, ಅದರ ಬಾಯಿಗೆ ಬೆರಳಿಟ್ಟು ಮುಚ್ಚು, ನಿನ್ನ ಕೈಗಾದ್ರೆ ಅವರು ಹೆದರಲ್ಲ, ಉಸಿರು ಮೇಲಕ್ಕೆ ಹತ್ತಿದ್ರೆ ಮಾತೂ ಬರುತ್ತೆ, ಆಗ ಕೊಳವೆ ತೆಗೆಯೋಣ, ಹತ್ತದಿದ್ರೆ ಇದು ಕೊನೇವರೆಗೂ ಇರಬೇಕಾಗುತ್ತೋ ಏನೋ, ಮಾತು ಎಲ್ಲಿರುತ್ತದೆ ಹಾಗಾದರೆ, ತೂತಿನ ಮೇಲೋ ಕೆಳಗೋ, ತನ್ನದು ಇಷ್ಟು ವರ್ಷ ಎಲ್ಲಿ ಸಿಕ್ಕಿಕೊಂಡಿತ್ತು, ಒಳಕೊಳವೆ ಜಾರಿಸಿ ಬೆರಳಿಟ್ಟಳು, ಗಾಳಿ ಬೆಚ್ಚಗೆ ತಳ್ಳಿತು, ತಣ್ಣಗೆ ಎಳೆಯಿತು, ಅತ್ತೆಯ ತುಟಿಗಳು ಅಲುಗಿದವು, ದನಿಯಿಲ್ಲ, ಡಾಕ್ಟರು ಬಾಗಿ ಆ ತುಟಿಗೆ ಕಿವಿಯಿಟ್ಟರು, ಮಾವ ಗೋಡೆ ನೋಡುತ್ತಾರೆ, ಅತ್ತೆ, ಒಂದು ಮಾತಾಡ್ರಿ — ಬೆರಳ ಕೆಳಗೆ ತೂತು, ಉಸಿರಿನ್ನೂ ಅಲ್ಲೇ ದಾರಿ ಹುಡುಕುತ್ತಿದೆ, ತೂತು ಬೆರಳನ್ನು ಎಳೆಯುತ್ತದೆ, ಎಳೆಯುತ್ತದೆ