ಐದೂವರೆ ಬಸ್ಸಿನ ಪಾಠ

ರೂಪಶ್ರೀ ಮೊದಲ ವರ್ಷದ ಗಣಿತದಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲಕ್ಕೆ ಪಾಸಾದವಳು. ಮಲ್ಲಿಪಟ್ಟಣದಲ್ಲಿ ಕನ್ನಡದಲ್ಲಿ ಓದಿ ಹಾಸನದ ಎಂಜಿನಿಯರಿಂಗ್ ಕಾಲೇಜು ಸೇರಿದ್ದಳು. ಹಳ್ಳಿಯ ಮಕ್ಕಳು ಎಲ್ಲಿ ಎಡವುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಐದೂವರೆಯ ಅರಕಲಗೂಡು ಬಸ್ಸಿನಲ್ಲಿ ಕಾಲೇಜಿನ ಹನ್ನೊಂದು ಮಂದಿ ಕಿರಿಯರಿಗೆ ಗಣಿತದ ಪಾಠ ಹೇಳುತ್ತಿದ್ದಳು. ಸೊಪ್ಪಿನ ಬುಟ್ಟಿಯ ಹೆಂಗಸರು ತಾವೇ ಎದ್ದು ಹಿಂದಿನ ಉದ್ದ ಸೀಟು ಬಿಟ್ಟುಕೊಡುತ್ತಿದ್ದರು.

೨೦೦೩ರಲ್ಲಿ ಕಾಲೇಜಿನ ಗಿರಿಧರ ಸರ್ ಇದನ್ನು ಕೇಳಿ, ಒಂದು ಯೋಜನೆ ಬರೆದುಕೊಡು ಎಂದರು. ಅವಳು ಮೂರು ಹಾಳೆ ಬರೆದಳು: ಕಲಿಸುವವರು ಒಮ್ಮೆಯಾದರೂ ಫೇಲಾಗಿರಬೇಕು, ಪಾಠ ಬಸ್ಸಿನಲ್ಲೇ ಆಗಬೇಕು.

ಯೋಜನೆ ಜಾರಿಗೆ ಬಂತು. ಬಸ್ಸು ಹೋಗಿ ಸೆಮಿನಾರ್ ಹಾಲ್ ಬಂತು, ಪಾಠ ಐದರಿಂದ ಆರರವರೆಗೆ. ಫೇಲಾದವರು ಹೋಗಿ ನೀಲಿ ಕೋಟು ತೊಟ್ಟ ನಾಲ್ವರು ರ‍್ಯಾಂಕಿನವರು ಬಂದರು. ಅವರ ಹೆಸರು ‘ವಿದ್ಯಾರ್ಥಿ ರಾಯಭಾರಿ’. ಐದೂವರೆ ಬಿಟ್ಟರೆ ಆ ಕಡೆಗೆ ಬಸ್ಸಿಲ್ಲ. ಬಸ್ಸಿಗೆ ಓಡಿದ ಹನ್ನೊಂದು ಮಂದಿಗೂ ದಿನಾ ಗೈರು ಬಿತ್ತು. ಇನ್ನೊಂದು ವಾರ ಹೀಗಾದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ನೋಟಿಸೂ ಅಂಟಿತು.

ಯೋಜನೆ ಪರಿಶೀಲಿಸಲು ಮೈಸೂರಿನಿಂದ ಮೇಲಧಿಕಾರಿ ಕನಕಲಕ್ಷ್ಮಿ ಮೇಡಂ ಬಂದ ದಿನ ಹನ್ನೊಂದು ಮಂದಿಯೂ ರೂಪಶ್ರೀಯ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಗಿರಿಧರರಿಗೆ ಸಂತೋಷ. ಆರಕ್ಕೆ ಎಲ್ಲ ಮುಗಿದಾಗ, ಊರಿಗೆ ಹೇಗೆ ಹೋಗುತ್ತೀರಿ ಎಂದು ಮೇಡಂ ವಿಚಾರಿಸಿದರು.

“ಬಸ್ ಐದೂವರೆಗೇ ಒಂಟೋಗ್ತದೆ ಮೇಡಂ,” ಎಂದಳು ರೂಪಶ್ರೀ ವಿನಯದಿಂದ. “ದಿನಾ ಗಿರಿಧರ ಸಾರೇ ಕಾಲೇಜ್ ವ್ಯಾನಲ್ಲಿ ಬುಡ್ತಾರೆ. ನಮ್ ಪುಣ್ಯ.”

ಗಿರಿಧರರು ಏನೋ ಹೇಳಲು ಬಾಯಿ ತೆರೆದರು. ಮೇಡಂ ಮುಖ ಅರಳಿದ್ದು ಕಂಡು ಅದನ್ನು ನಗುವಾಗಿ ಮಾಡಿಕೊಂಡರು. ತಾವೂ ಬಂದು ನೋಡುವುದಾಗಿ ಹೇಳಿ ಮೇಡಂ ಎಲ್ಲರಿಗಿಂತ ಮೊದಲು ವ್ಯಾನು ಹತ್ತಿದರು.

ಗೊರೂರು ರಸ್ತೆಗೆ ತಿರುಗುವಷ್ಟರಲ್ಲಿ ನೋಟ್‌ಬುಕ್ಕುಗಳು ತೆರೆದುಕೊಂಡಿದ್ದವು. ರೂಪಶ್ರೀ ಕಂಬಿ ಹಿಡಿದು ನಿಂತೇ ಲೆಕ್ಕ ಬಿಡಿಸತೊಡಗಿದಳು. ಮೇಡಂ ಸ್ವಲ್ಪ ಹೊತ್ತು ಕೇಳಿ, ಪರಿಶೀಲಿಸಲು ಹಾಲಿನಿಂದ ತಂದಿದ್ದ ಹಾಜರಿ ಪುಸ್ತಕ ತಿರುವಿದರು.

“ಇಷ್ಟು ಚೆನ್ನಾಗಿ ಕಲೀತಾರೆ. ತಿಂಗಳಿಡೀ ಯಾಕಮ್ಮ ಗೈರು?”

“ಕಲಿಯೋದು ಬಸ್ಸಲ್ಲಿ ಮೇಡಂ. ಆಜರಿ ಆಕೋದು ಸೆಮಿನಾರ್ ಆಲಲ್ಲಿ.”

“ದಿನಾ ವ್ಯಾನಲ್ಲಿ ಬಿಡ್ತಾರೆ ಅಂದೆ?”

“ಇವತ್ತಿಂದ ದಿನಾ, ಮೇಡಂ.”

ಮೇಡಂ ನಗಲಿಲ್ಲ. ಗೈರನ್ನೆಲ್ಲ ಹಾಜರಿ ಮಾಡಿ ಎಂದು ಪುಸ್ತಕವನ್ನೂ ಪೆನ್ನನ್ನೂ ಗಿರಿಧರರತ್ತ ಚಾಚಿದರು. ವ್ಯಾನು ಕುಲುಕುತ್ತಿದೆ, ನಾಳೆ ತಿದ್ದೋಣ ಎಂದರು ಗಿರಿಧರರು.

“ಬೈರಣ್ಣ,” ರೂಪಶ್ರೀ ಡ್ರೈವರನ್ನು ಕರೆದಳು, “ಒಸಿ ಸೈಡಿಗಾಕಿ ನಿಲ್ಸಣ್ಣ. ಸಾರು ಬರೀಬೇಕಂತೆ.”

ಬೈರಣ್ಣ ನಿಲ್ಲಿಸಿದ. ಎಂಜಿನನ್ನೂ ಆರಿಸಿದ.